ಮಕ್ಕಳಿಗೆ ಬೇಟೆ ಸುರಕ್ಷತಾ ಕ್ಲಾಸ್: ದಾಂಡೇಲಿ ಹತ್ತಿರ ನಿಜವಾಗಿಯೂ ಇದೆಯೇ?

ಕಳೆದ ದೀಪಾವಳಿ ಹೊತ್ತಿಗೆ ನಮ್ಮ ಮನೆತನದ ವಾಟ್ಸ್ಆ್ಯಪ್ ಗುಂಪಿಗೆ ಒಂದು ಫೋಟೊ ಬಂತು. ಅಮೆರಿಕದ ಟೆಕ್ಸಾಸ್‌ನಲ್ಲಿರುವ ನಮ್ಮ ಸಂಬಂಧಿಕರ ಹನ್ನೆರಡು ವರ್ಷದ ಮಗ ಕಿತ್ತಳೆ ಬಣ್ಣದ ತೋಳಿಲ್ಲದ ಅಂಗಿ ತೊಟ್ಟು, ಕೈಯಲ್ಲೊಂದು ಪ್ರಮಾಣಪತ್ರ ಹಿಡಿದು ನಿಂತಿದ್ದ. 'ಹಂಟರ್ ಎಜುಕೇಶನ್' ಪಾಸಾಗಿದ್ದನಂತೆ. ಎಲ್ಲರೂ ಹೆಬ್ಬೆರಳು ಎತ್ತಿದರು, ಚಪ್ಪಾಳೆ ತಟ್ಟಿದರು. ಒಂದು ವಾರದ ನಂತರ ಅದೇ ಫೋಟೊ ಬೇರೊಂದು ಗುಂಪಿನಿಂದ ನಮಗೇ ವಾಪಸ್ ಬಂತು. ಈ ಸಲ ಕೆಳಗೆ ನಾಲ್ಕು ಸಾಲು ಸೇರಿಕೊಂಡಿದ್ದವು: "10ರಿಂದ 18 ವರ್ಷದ ಮಕ್ಕಳಿಗೆ ಬೇಟೆ ಸುರಕ್ಷತಾ ತರಬೇತಿ. ದಾಂಡೇಲಿ ಹತ್ತಿರ. ಸರ್ಟಿಫಿಕೇಟ್ ಕೊಡಲಾಗುವುದು. ಎಲ್ಲರಿಗೂ ಕಳಿಸಿ." ಸಂಸ್ಥೆಯ ಹೆಸರಿಲ್ಲ, ವಿಳಾಸವಿಲ್ಲ, ಫೋನ್ ನಂಬರ್ ಕೂಡ ಇಲ್ಲ.

ಇಂಥ ಸಂದೇಶವನ್ನು ನೋಡಿ ನಕ್ಕು ಬಿಡಬಹುದಿತ್ತು. ಆದರೆ ಮರುದಿನ ಕಲಘಟಗಿಯಿಂದ ಕಾಕಾ ಫೋನ್ ಮಾಡಿದರು. "ನೀ ಇಂಥಾವೆಲ್ಲಾ ನೋಡ್ತೀಯಲ್ಲವಾ, ಈ ಕ್ಲಾಸ್ ಖರೇ ಐತೇನು? ನಮ್ಮ ಹುಡುಗನ್ನ ಹಚ್ಚಬೇಕಂತ ಮಾಡೇನಿ."

ಅವರ ಹುಡುಗನಿಗೆ ಹದಿನಾಲ್ಕು. ಗೋವಿನಜೋಳದ ಹೊಲ ಕಾಡಿನ ಅಂಚಿಗಿದೆ, ತೆನೆ ಕಟ್ಟುವ ಹೊತ್ತಿಗೆ ಹಂದಿಗಳು ಇಳಿಯುತ್ತವೆ. ಮನೆಯಲ್ಲಿ ಅಜ್ಜನ ಹೆಸರಿನ ಲೈಸನ್ಸ್ ಇರುವ ಹಳೆಯ ಕೇಪಿನ ಕೋವಿ ಇದೆ. ರಾತ್ರಿ ಅಜ್ಜ ಅಟ್ಟಣಿಗೆ ಮೇಲೆ ಕಾವಲು ಕೂತರೆ ಮೊಮ್ಮಗನೂ ಜೊತೆಗೆ ಹೋಗುತ್ತಾನೆ. ಕಾಕಾ ಅವರ ಲೆಕ್ಕ ಸರಳ: ಮನೆಯಲ್ಲಿ ಬಂದೂಕು ಇದ್ದೇ ಇದೆ, ಹುಡುಗ ಮುಟ್ಟದೇ ಇರುವುದಿಲ್ಲ, ಹೇಗಿದ್ದರೂ ಮುಟ್ಟುವವನು ಸರಿಯಾಗಿ ಕಲಿತೇ ಮುಟ್ಟಲಿ.

ಈ ಯೋಚನೆಯಲ್ಲಿ ತಪ್ಪೇನೂ ಇಲ್ಲ. ತಪ್ಪಿರುವುದು ಫಾರ್ವರ್ಡ್‌ನಲ್ಲಿ. ಅದು ಬಂದೂಕಿನ ಸುರಕ್ಷತೆ ಮತ್ತು ಬೇಟೆ ಎಂಬ ಎರಡು ಬೇರೆ ವಿಷಯಗಳನ್ನು ಒಂದೇ ಎಂಬಂತೆ ಕಟ್ಟಿಕೊಡುತ್ತದೆ. ಟೆಕ್ಸಾಸ್‌ನಲ್ಲಿ ಅವೆರಡೂ ಒಂದೇ ಕ್ಲಾಸಿನಲ್ಲಿ ಸಿಗುತ್ತವೆ. ಭಾರತದಲ್ಲಿ ಮೊದಲನೆಯದನ್ನು ಮಕ್ಕಳು ಕಾನೂನುಬದ್ಧವಾಗಿ ಕಲಿಯಬಹುದು. ಎರಡನೆಯದು ದೊಡ್ಡವರಿಗೂ ಅಪರಾಧ.

ಅಲ್ಲಿ ಇದೆ, ಇಲ್ಲಿ ಏಕಿಲ್ಲ?

ಅಮೆರಿಕದಲ್ಲಿ ಬೇಟೆ ಇಂದಿಗೂ ಲೈಸನ್ಸ್ ಪಡೆದು ಮಾಡುವ ಹವ್ಯಾಸ. ಯಾವ ಪ್ರಾಣಿ, ಯಾವ ತಿಂಗಳು, ಎಷ್ಟು ಎಂಬುದನ್ನು ಸರ್ಕಾರವೇ ಗೊತ್ತುಮಾಡುತ್ತದೆ. ಎರಡನೇ ಮಹಾಯುದ್ಧದ ನಂತರ ಕಾಡಿಗೆ ಹೋಗುವವರ ಸಂಖ್ಯೆ ಏರಿತು, ಒಬ್ಬರ ಗುಂಡು ಇನ್ನೊಬ್ಬರಿಗೆ ತಗಲುವುದೂ ಹೆಚ್ಚಿತು. 1949ರಲ್ಲಿ ನ್ಯೂಯಾರ್ಕ್ ರಾಜ್ಯ ಮೊದಲ ಬಾರಿಗೆ ಹೊಸ ಬೇಟೆಗಾರರಿಗೆ ತರಬೇತಿ ಕಡ್ಡಾಯ ಮಾಡಿತು, ಬೇರೆ ರಾಜ್ಯಗಳು ಹಿಂಬಾಲಿಸಿದವು. ಟೆಕ್ಸಾಸ್‌ನಲ್ಲಿ 1971ರ ಸೆಪ್ಟೆಂಬರ್ 2 ಅಥವಾ ಆಮೇಲೆ ಹುಟ್ಟಿದವರಿಗೆ ಈ ತರಬೇತಿಯ ನಿಯಮ ಅನ್ವಯಿಸುತ್ತದೆ, ಒಂಬತ್ತು ವರ್ಷ ತುಂಬಿದ ಮಗುವೂ ಪ್ರಮಾಣಪತ್ರ ಪಡೆಯಬಹುದು. ಜರ್ಮನಿಯಲ್ಲಿ ಕಟ್ಟುನಿಟ್ಟು ಹೆಚ್ಚು. ಅಲ್ಲಿ ಹದಿನಾರು ತುಂಬಿದವರು ಪರೀಕ್ಷೆ ಪಾಸು ಮಾಡಿದರೆ ಯುವಜನರ ಬೇಟೆ ಪರವಾನಗಿ ಸಿಗುತ್ತದೆ, ಅದೂ ದೊಡ್ಡವರ ಜೊತೆಯಲ್ಲಿದ್ದಾಗ ಮಾತ್ರ. ನಮ್ಮ ಸಂಬಂಧಿಕರ ಹುಡುಗ ತೊಟ್ಟಿದ್ದ ಕಿತ್ತಳೆ ಅಂಗಿ ಕೂಡ ಈ ಪಾಠದ ಭಾಗವೇ. ಜಿಂಕೆಯ ಕಣ್ಣಿಗೆ ಕಿತ್ತಳೆ ಮತ್ತು ಹಸಿರಿನ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ, ಮನುಷ್ಯರ ಕಣ್ಣಿಗೆ ಅದು ದೂರದಿಂದಲೇ ಹೊಡೆದು ಕಾಣುತ್ತದೆ. ಬೇಟೆಗಾರ ಪ್ರಾಣಿಗೆ ಕಾಣಬಾರದು, ಇನ್ನೊಬ್ಬ ಬೇಟೆಗಾರನಿಗೆ ಕಾಣಬೇಕು ಎಂಬ ಉಪಾಯ.

ನಮ್ಮಲ್ಲೂ ಬೇಟೆ ಲೈಸನ್ಸ್ ಇತ್ತು. ಧಾರವಾಡ ಮುಂಬೈ ರಾಜ್ಯದಲ್ಲಿದ್ದಾಗ 1951ರ ಮುಂಬೈ ಕಾಡುಪ್ರಾಣಿ ಮತ್ತು ಪಕ್ಷಿ ಸಂರಕ್ಷಣಾ ಕಾಯ್ದೆ ಜಾರಿಯಲ್ಲಿತ್ತು, ಪರವಾನಗಿ ಪಡೆದು ಶಿಕಾರಿ ಮಾಡಬಹುದಿತ್ತು. 'ನಮ್ಮಜ್ಜ ಲೈಸನ್ಸ್ ತಗೊಂಡು ಹುಲಿ ಹೊಡೆದಿದ್ದ' ಎಂದು ಹೇಳುವ ಮನೆಗಳು ಸುಳ್ಳು ಹೇಳುತ್ತಿರಲಿಕ್ಕಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗಲೂ ಕೆಲವು ಬಗೆಯ ಬೇಟೆ ಪರವಾನಗಿಗಳು ಕಾಗದದ ಮೇಲೆ ಉಳಿದಿದ್ದವು. 1991ರ ತಿದ್ದುಪಡಿ ಅವನ್ನೂ ತೆಗೆದುಹಾಕಿತು. ಆಗಿನಿಂದ ದೇಶದಲ್ಲಿ ಹವ್ಯಾಸಕ್ಕಾಗಿ ಕಾಡುಪ್ರಾಣಿ ಬೇಟೆಯಾಡಲು ಲೈಸನ್ಸ್ ಎಂಬುದೇ ಇಲ್ಲ. ಲೈಸನ್ಸೇ ಇಲ್ಲದ ಕೆಲಸಕ್ಕೆ ಸರ್ಟಿಫಿಕೇಟ್ ಕೊಡುವ ಕ್ಲಾಸ್ ಇರಲು ಹೇಗೆ ಸಾಧ್ಯ? ದಾಂಡೇಲಿಯ ಸುತ್ತ ಇರುವುದಂತೂ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿ ಬೇಟೆ ಕಲಿಸುತ್ತೇವೆ ಎಂದು ಯಾರಾದರೂ ನಿಜವಾಗಿಯೂ ಬೋರ್ಡ್ ಹಾಕಿದರೆ ಮೊದಲು ಬರುವುದು ವಿದ್ಯಾರ್ಥಿಗಳಲ್ಲ, ಅರಣ್ಯ ಇಲಾಖೆಯ ಜೀಪು.

ಬೇಟೆ ಎಂದರೆ ಕಾಯ್ದೆಯ ಪ್ರಕಾರ ಬರೀ ಕೊಲ್ಲುವುದಲ್ಲ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಹಿಡಿಯುವುದು, ಉರುಳು ಹಾಕುವುದು, ಬಲೆ ಬೀಸುವುದು, ವಿಷ ಇಡುವುದು, ಅಟ್ಟಿಸಿಕೊಂಡು ಹೋಗುವುದು, ಹಕ್ಕಿಯ ಗೂಡು ಕಿತ್ತು ಮೊಟ್ಟೆ ತೆಗೆಯುವುದು, ಇವೆಲ್ಲದರ ಪ್ರಯತ್ನವೂ ಬೇಟೆಯೇ. ಗುರಿ ತಪ್ಪಿತು, ಪ್ರಾಣಿ ಓಡಿಹೋಯಿತು ಎಂಬುದು ಸಮರ್ಥನೆಯಾಗುವುದಿಲ್ಲ. ನಮ್ಮ ಕಡೆ ಕೆಲವು ಊರುಗಳಲ್ಲಿ ಯುಗಾದಿ ಹೊತ್ತಿಗೆ ಗುಂಪಾಗಿ ಮೊಲದ ಬೇಟೆಗೆ ಹೋಗುವ ರೂಢಿ ಇದೆ, ಹುಡುಗರು ಬಡಿಗೆ ಹಿಡಿದು ಮುಂದೆ ಓಡುತ್ತಾರೆ. ಮೊಲಕ್ಕೂ ಇದೇ ಕಾಯ್ದೆಯ ರಕ್ಷಣೆ ಇದೆ. ಸಂಪ್ರದಾಯ ಎಂಬ ಕಾರಣಕ್ಕೆ ಕಾಯ್ದೆಯಲ್ಲಿ ವಿನಾಯಿತಿ ಇಲ್ಲ.

ಶಿಕ್ಷೆಯ ವಿಷಯ ಚುಟುಕಾಗಿ: ಸಾಮಾನ್ಯ ಪ್ರಕರಣಗಳಲ್ಲಿ ಮೂರು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಪರಿಶಿಷ್ಟ 1ರ ಪ್ರಾಣಿಯಾದರೆ ಕನಿಷ್ಠ ಮೂರು, ಗರಿಷ್ಠ ಏಳು ವರ್ಷ ಜೈಲು, ಜೊತೆಗೆ ದಂಡ. ಒಯ್ದ ಗಾಡಿ ಮತ್ತು ಬಂದೂಕು ಜಪ್ತಿಯಾಗುತ್ತವೆ. ಇನ್ನೊಂದು ಅಂಶ ರೈತರಿಗೆ ಮುಖ್ಯ. ಅಪರಾಧ ಸಾಬೀತಾದರೆ ಆ ಬಂದೂಕಿನ ಲೈಸನ್ಸ್ ರದ್ದು ಮಾಡಿ, ಐದು ವರ್ಷ ಹೊಸ ಲೈಸನ್ಸ್ ಸಿಗದಂತೆ ನ್ಯಾಯಾಲಯ ಆದೇಶಿಸಬಹುದು. ಹದಿನೆಂಟು ತುಂಬದ ಹುಡುಗ ಬಾಲನ್ಯಾಯ ಮಂಡಳಿಯ ಮುಂದೆ ಹೋಗುತ್ತಾನೆ, ಕರೆದುಕೊಂಡು ಹೋದ ಅಪ್ಪನೋ ಅಜ್ಜನೋ ಆರೋಪಿಯಾಗಿ ನಿಲ್ಲುತ್ತಾರೆ.

ಇಲ್ಲಿ ಒಂದು ಮಾತು ಸೇರಿಸಬೇಕು ಅನ್ನಿಸುತ್ತದೆ. ಕನ್ನಡದಲ್ಲಿ ಶಿಕಾರಿ ಸಾಹಿತ್ಯಕ್ಕೆ ದೊಡ್ಡ ಓದುಗ ಬಳಗವಿದೆ. ಕೆದಂಬಾಡಿ ಜತ್ತಪ್ಪ ರೈ ಅವರ 'ಬೇಟೆಯ ನೆನಪುಗಳು', ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆ್ಯಂಡರ್ಸನ್ ಕತೆಗಳನ್ನು ನಾನೂ ರಾತ್ರಿಯಿಡೀ ಓದಿದವಳು. ಅವುಗಳಿಂದಾಗಿ ಬೇಟೆ ಎಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ಟೋಪಿ ಹಾಕಿದ ಧೀರ. ಹುಬ್ಬಳ್ಳಿ ಮತ್ತು ಗದಗದಲ್ಲಿ ಹೆಸರಿನಲ್ಲೇ ಬೇಟೆ ಇರುವ ಹರಣಶಿಕಾರಿ ಸಮುದಾಯವಿದೆ. ಬ್ರಿಟಿಷರು ಅವರನ್ನು 'ಅಪರಾಧಿ ಬುಡಕಟ್ಟು' ಎಂದು ಪಟ್ಟಿ ಮಾಡಿದರು, ಆ ಕಾನೂನು ರದ್ದಾಗಿದ್ದು 1952ರಲ್ಲಿ. ಹೊಟ್ಟೆಪಾಡಿಗೆ ಮೊಲ ಹಿಡಿದವನಿಗೆ ಅಪರಾಧಿ ಎಂಬ ಹೆಸರು, ಮೋಜಿಗೆ ಹುಲಿ ಹೊಡೆದವನಿಗೆ ಆತ್ಮಕತೆ. ಇಂದಿನ ಕಾಯ್ದೆಯಾದರೂ ಇಬ್ಬರಿಗೂ ಒಂದೇ.

'ಬೆಳೆ ರಕ್ಷಣೆಯ ಲೈಸನ್ಸ್ ಐತಿ, ಹಂದಿ ಹೊಡೀಬಹುದಲ್ಲ?'

ಕಾಕಾ ಕೇಳಿದ ಎರಡನೇ ಪ್ರಶ್ನೆ ಇದು. ಉತ್ತರ: ಇಲ್ಲ, ಅಷ್ಟರಿಂದಲೇ ಆಗುವುದಿಲ್ಲ.

1959ರ ಶಸ್ತ್ರಾಸ್ತ್ರ ಕಾಯ್ದೆ ಬೆಳೆ ಕಾಯಲು ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಗೆ ಲೈಸನ್ಸ್ ಕೊಡಲು ಅವಕಾಶ ಮಾಡಿದೆ. ಆ ಲೈಸನ್ಸ್ ಹೇಳುವುದು ನೀವು ಈ ಕೋವಿಯನ್ನು ಇಟ್ಟುಕೊಳ್ಳಬಹುದು ಎಂದು. ಪ್ರಾಣಿಯನ್ನು ಕೊಲ್ಲಬಹುದೇ ಎಂಬುದನ್ನು ತೀರ್ಮಾನಿಸುವುದು ಇನ್ನೊಂದು ಕಾಯ್ದೆ, ಇನ್ನೊಂದು ಇಲಾಖೆ. ಗಾಳಿಯಲ್ಲಿ ಗುಂಡು ಹಾರಿಸಿ ಹಂದಿ ಓಡಿಸುವುದು ಬೇರೆ, ಹಂದಿಗೆ ಹೊಡೆಯುವುದು ಬೇರೆ. ಬೆಳೆ ಹಾಳು ಮಾಡುವ ಕಾಡುಹಂದಿಯಂಥ ಪ್ರಾಣಿಯನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಕಾರಣ ಬರೆದು ಲಿಖಿತ ಅನುಮತಿ ಕೊಡಬೇಕು. ಪ್ರಾಣಿ ಮೈಮೇಲೆ ಬಂದಾಗ ಜೀವ ಉಳಿಸಿಕೊಳ್ಳಲು ಸದುದ್ದೇಶದಿಂದ ಕೊಂದರೆ ಅದು ಅಪರಾಧವಲ್ಲ ಎಂದೂ ಕಾಯ್ದೆ ಹೇಳುತ್ತದೆ. ಆದರೆ ಅಟ್ಟಣಿಗೆ ಮೇಲೆ ಕೂತು ಹಂದಿ ಬರಲಿ ಎಂದು ಕಾಯುವುದು ಜೀವ ಉಳಿಸಿಕೊಳ್ಳುವುದಲ್ಲ.

ಈ ಗೊಂದಲಕ್ಕೆ ನೆರೆರಾಜ್ಯದ ಸುದ್ದಿಯೂ ಒಂದು ಕಾರಣ. 2022ರ ಮೇ ತಿಂಗಳಲ್ಲಿ ಕೇರಳ ಸರ್ಕಾರ ಬೆಳೆ ಹಾಳು ಮಾಡುವ ಕಾಡುಹಂದಿಗಳನ್ನು ಕೊಲ್ಲಲು ಆದೇಶ ನೀಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಕೊಟ್ಟಿತು. ಕಾಸರಗೋಡಿನ ಕನ್ನಡ ಗುಂಪುಗಳಲ್ಲಿ ಓಡಾಡುವ ಇಂಥ ಸುದ್ದಿ ಊರಿನ ಹೆಸರು ಕಳೆದುಕೊಂಡು ಹುಬ್ಬಳ್ಳಿಗೆ ಬರುವಷ್ಟರಲ್ಲಿ 'ಇನ್ನು ಹಂದಿ ಹೊಡೆಯಲು ಪಂಚಾಯ್ತಿ ಪರವಾನಗಿ ಸಾಕು' ಎಂದಾಗಿರುತ್ತದೆ. ಅದು ಕೇರಳದ ಆದೇಶ. ಅಲ್ಲೂ ವಿಷ, ಸಿಡಿಮದ್ದು, ವಿದ್ಯುತ್ ತಂತಿ ಬಳಸುವಂತಿಲ್ಲ. ಹಾಗೆಯೇ 2015-16ರ ಸುಮಾರಿಗೆ ಕೇಂದ್ರ ಸರ್ಕಾರ ಬಿಹಾರದಲ್ಲಿ ನೀಲಗಾಯ್ ಮತ್ತು ಕಾಡುಹಂದಿ, ಉತ್ತರಾಖಂಡದಲ್ಲಿ ಕಾಡುಹಂದಿ, ಹಿಮಾಚಲದಲ್ಲಿ ಮಂಗಗಳನ್ನು ನಿರ್ದಿಷ್ಟ ಪ್ರದೇಶ ಮತ್ತು ನಿರ್ದಿಷ್ಟ ಅವಧಿಗೆ ಪೀಡಕ ಪ್ರಾಣಿ ಎಂದು ಘೋಷಿಸಿತ್ತು. ಆ ಮೂರರಲ್ಲಿ ಕರ್ನಾಟಕ ಇರಲಿಲ್ಲ. ಹಳೆಯ ಪತ್ರಿಕೆಯ ತುಣುಕು ಹಿಡಿದು ಬಂದೂಕು ಎತ್ತುವ ಮೊದಲು ಯಾವ ರಾಜ್ಯ, ಯಾವ ವರ್ಷ ಎಂದು ನೋಡಿ.

ರೈತರ ಸಿಟ್ಟು ಸುಳ್ಳಲ್ಲ. ಒಂದೇ ರಾತ್ರಿಯಲ್ಲಿ ಅರ್ಧ ಎಕರೆ ಜೋಳ ನೆಲಕಚ್ಚುವುದನ್ನು ನಾನೇ ನೋಡಿದ್ದೇನೆ. ಬೆಳೆ ಹಾನಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ, ಅರ್ಜಿಗೆ 'ಇ-ಪರಿಹಾರ' ಎಂಬ ಆನ್‌ಲೈನ್ ವ್ಯವಸ್ಥೆ ಇದೆ, ಸಹಾಯವಾಣಿ 1926. ಆ ಹಣ ನಷ್ಟವನ್ನು ತುಂಬುತ್ತದೆಯೇ ಎಂದು ಯಾವ ರೈತರನ್ನು ಕೇಳಿದರೂ ಉತ್ತರ ಗೊತ್ತಾಗುತ್ತದೆ. ಆದರೂ ಅರ್ಜಿ ಹಾಕಿ. ದಾಖಲೆಯಲ್ಲಿಲ್ಲದ ಹಾನಿ ಸರ್ಕಾರದ ಲೆಕ್ಕದಲ್ಲಿ ಆಗಿಯೇ ಇಲ್ಲ. ಮತ್ತು ದಯವಿಟ್ಟು ಮನೆಯ ಕರೆಂಟನ್ನು ನೇರವಾಗಿ ಬೇಲಿಗೆ ಕೊಡಬೇಡಿ. ಸೋಲಾರ್ ಬೇಲಿಯ ಯಂತ್ರ ಕ್ಷಣದ ಒಂದು ಚಿಕ್ಕ ಭಾಗ ಮಾತ್ರ ಝಟಕಾ ಕೊಟ್ಟು ನಿಲ್ಲಿಸುತ್ತದೆ. ನೇರ ಕರೆಂಟು ನಿಲ್ಲಿಸುವುದಿಲ್ಲ, ಹಂದಿ ಯಾವುದು ಹುಡುಗ ಯಾರು ಎಂದು ನೋಡುವುದೂ ಇಲ್ಲ.

'ಕೊಡಗಿನವರಿಗೆ ಲೈಸನ್ಸೇ ಬೇಡವಂತೆ'

ಇದು ಅರ್ಧ ಸತ್ಯ, ಆದ್ದರಿಂದಲೇ ಬೇಗ ಹರಡುತ್ತದೆ. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಕೆಲವು ಬಗೆಯ ಕೋವಿಗಳಿಗೆ ಲೈಸನ್ಸ್‌ನಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದಿಂದ ಬಂದ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ, ಅಂದರೆ 2029ರವರೆಗೆ ವಿಸ್ತರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು. ಅಲ್ಲಿ ಕೋವಿಗೆ ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆ ಇದೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇದೆ, ಮನೆಯಲ್ಲಿ ಹುಟ್ಟು ಸಾವುಗಳನ್ನು ಗುಂಡು ಹಾರಿಸಿ ಸಾರುವ ಪದ್ಧತಿ ಇದೆ. ಆದರೆ ವಿನಾಯಿತಿ ಇರುವುದು ಕೋವಿ ಇಟ್ಟುಕೊಳ್ಳಲು. ಬೇಟೆಗೆ ಅಲ್ಲ. ವನ್ಯಜೀವಿ ಕಾಯ್ದೆ ಮಡಿಕೇರಿಗೂ ಕಲಘಟಗಿಗೂ ಒಂದೇ.

ಕತ್ತಲಲ್ಲಿ ಕಣ್ಣು ಮಾಡುವ ಮೋಸ

ಬೇಟೆಗೆ ಹೋದಾಗ ಜೊತೆಗಾರನಿಗೇ ಗುಂಡು ತಗಲಿತು ಎಂಬ ಸುದ್ದಿ ಮಲೆನಾಡು, ಕೊಡಗಿನ ಕಡೆಯಿಂದ ಮತ್ತೆ ಮತ್ತೆ ಬರುತ್ತದೆ. ಓದಿದವರು 'ಕುಡಿದಿದ್ದಿರಬೇಕು' ಅಥವಾ 'ಹಳೇ ದ್ವೇಷ ಇರಬೇಕು' ಎನ್ನುತ್ತಾರೆ. ಕೆಲವೊಮ್ಮೆ ಇರಲೂಬಹುದು. ಆದರೆ ಕುಡಿಯದ, ದ್ವೇಷವಿಲ್ಲದ, ಅನುಭವವಿರುವ ಮನುಷ್ಯನೂ ಇದೇ ತಪ್ಪು ಮಾಡಬಲ್ಲ. ಅಮೆರಿಕದ ತರಬೇತಿಯಲ್ಲಿ ಇದಕ್ಕೇ ಒಂದು ದೊಡ್ಡ ಪಾಠ ಇದೆ.

ಕತ್ತಲಲ್ಲಿ ನಮ್ಮ ಕಣ್ಣಿನಲ್ಲಿ ಕೆಲಸ ಮಾಡುವ ಜೀವಕೋಶಗಳಿಗೆ ಬಣ್ಣ ತಿಳಿಯುವುದಿಲ್ಲ, ಸೂಕ್ಷ್ಮ ವಿವರವೂ ತಿಳಿಯುವುದಿಲ್ಲ. ಚಲನೆ ಮತ್ತು ಮಸುಕಾದ ಆಕಾರ ಮಾತ್ರ ಮಿದುಳಿಗೆ ತಲುಪುತ್ತದೆ. ಉಳಿದದ್ದನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ. ಏನನ್ನು ತುಂಬಿಕೊಳ್ಳುತ್ತದೆ? ತಾನು ನಿರೀಕ್ಷಿಸುತ್ತಿರುವುದನ್ನು. ಮಬ್ಬುಗತ್ತಲಲ್ಲಿ ಹಗ್ಗ ಹಾವಾಗಿ ಕಾಣುವ ದೃಷ್ಟಾಂತ ನಮ್ಮಲ್ಲಿ ಬಹಳ ಹಳೆಯದು. ಎರಡು ಗಂಟೆ ಹಂದಿಗಾಗಿ ಕಾದು ಕೂತವನಿಗೆ ಜೋಳದ ಸಾಲು ಅಲುಗಾಡಿದರೆ ಅವನು ಹಂದಿ ಇರಬಹುದು ಎಂದು ಊಹಿಸುವುದಿಲ್ಲ, ಅವನಿಗೆ ಹಂದಿಯೇ ಕಾಣುತ್ತದೆ, ಬೆನ್ನಿನ ಕೂದಲು ಸಮೇತ. ಆಮೇಲೆ ಪೊಲೀಸರೆದುರು 'ಹಂದಿಯನ್ನ ನೋಡಿಯೇ ಹೊಡೆದೆ' ಎಂದರೆ ಅವನು ಸುಳ್ಳು ಹೇಳುತ್ತಿರುವುದಿಲ್ಲ. ಹೊಲದಲ್ಲಿ ಬಿದ್ದಿರುವುದು ಮೂತ್ರಕ್ಕೆಂದು ಇಳಿದಿದ್ದ ಮೊಮ್ಮಗ.

ಗುಂಡು ತಾಗದಿದ್ದರೂ ಕತೆ ಮುಗಿಯುವುದಿಲ್ಲ. ಎನ್‌ಸಿಸಿ ಕೆಡೆಟ್‌ಗಳು ಬಳಸುವ ಪಾಯಿಂಟ್ 22 ರೈಫಲ್‌ನ ಗುಂಡು, ಕೈಬೆರಳ ತುದಿಯಷ್ಟೂ ಇಲ್ಲದ್ದು, ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು ದೂರ ಹೋಗಬಲ್ಲದು. ಗುರಿಯ ಹಿಂದೆ ಏನಿದೆ ಎಂದು ತಿಳಿಯದೆ ಹೊಡೆಯಬೇಡ ಎಂಬ ನಿಯಮ ಹುಟ್ಟಿದ್ದು ಇದಕ್ಕೇ. ಉಳಿದ ಮೂರು ನಿಯಮಗಳೂ ಜಗತ್ತಿನೆಲ್ಲೆಡೆ ಒಂದೇ: ಪ್ರತಿ ಬಂದೂಕನ್ನೂ ಗುಂಡು ತುಂಬಿದೆ ಎಂದೇ ತಿಳಿ, ನಳಿಗೆಯನ್ನು ಯಾರ ಕಡೆಗೂ ತಿರುಗಿಸಬೇಡ, ಹೊಡೆಯುವ ಕ್ಷಣದವರೆಗೆ ಬೆರಳನ್ನು ಕುದುರೆಯ ಮೇಲೆ ಇಡಬೇಡ.

ಕೇಪಿನ ಕೋವಿಯ ವಿಷಯದಲ್ಲಿ ಮೊದಲ ನಿಯಮಕ್ಕೆ ಇನ್ನೂ ಹೆಚ್ಚಿನ ಅರ್ಥವಿದೆ. ತೋಟೆ ಹಾಕುವ ಕೋವಿಯನ್ನು ಮಡಚಿ ತೋಟೆ ತೆಗೆದರೆ ಖಾಲಿಯಾಯಿತು. ಕೇಪಿನ ಕೋವಿಗೆ ಮದ್ದು, ಚರೆ ಎಲ್ಲವನ್ನೂ ನಳಿಗೆಯ ಬಾಯಿಂದ ಗಜದಲ್ಲಿ ಜಡಿದಿರುತ್ತಾರೆ. ಅದನ್ನು ಖಾಲಿ ಮಾಡುವ ಸುಲಭ ದಾರಿ ಎಂದರೆ ಹೊಡೆಯುವುದೇ. ರಾತ್ರಿ ಹಂದಿ ಬರಲಿಲ್ಲ ಎಂದರೆ, ಮದ್ದು ಸುಮ್ಮನೆ ಯಾಕೆ ಹಾಳು ಮಾಡುವುದು ಎಂದು ತುಂಬಿದ ಕೋವಿಯನ್ನೇ ತಂದು ಗೋಡೆಗೆ ಒರಗಿಸುತ್ತಾರೆ. ಕೇಪು ತೆಗೆದಿಟ್ಟರೆ ಅಪಾಯ ಬಹಳ ಕಡಿಮೆಯಾಗುತ್ತದೆ, ಆದರೆ ತೆಗೆದಿದ್ದೇನೆಯೇ ಎಂಬುದು ಬೆಳಗಿನ ಜಾವದ ನಿದ್ದೆಗಣ್ಣಿನಲ್ಲಿ ನೆನಪಿರಬೇಕಲ್ಲ. ನಾನು ಕಾಕಾ ಅವರಿಗೆ ಮೊದಲು ಕೇಳಿದ್ದು ಇದನ್ನೇ: "ಈಗ ಅದರೊಳಗ ಮದ್ದು ಐತೇನು, ಇಲ್ಲೇನು?" ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. "ಅಪ್ಪನ್ನ ಕೇಳಬೇಕು" ಅಂದರು.

'ಏರ್‌ಗನ್ ಆಟಿಕೆ, ಅದಕ್ಕೆ ಲೈಸನ್ಸ್ ಬೇಡ'

ಇದೂ ಅರ್ಧ ಸತ್ಯವೇ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 20 ಜೂಲ್ ಒಳಗಿನ ಶಕ್ತಿಯ, 4.5 ಮಿ.ಮೀ. ಮೀರದ ನಳಿಗೆಯ ಏರ್‌ಗನ್‌ಗೆ ಲೈಸನ್ಸ್ ಬೇಡ. ಅದಕ್ಕಿಂತ ಹೆಚ್ಚಾದರೆ ಬೇಕು. 20 ಜೂಲ್ ಎಂದರೆ ಎಷ್ಟು? ಎರಡು ಕಿಲೋ ಸಕ್ಕರೆಯ ಚೀಲ ಒಂದು ಮೀಟರ್ ಎತ್ತರದಿಂದ ಬಿದ್ದಾಗಿನ ಶಕ್ತಿ. ಅಷ್ಟನ್ನೂ ಕಡಲೆಬೇಳೆಗಿಂತ ಚಿಕ್ಕ ಸೀಸದ ತುಣುಕಿನ ತುದಿಗೆ ಕೊಟ್ಟರೆ ಏನಾಗುತ್ತದೆ ಎಂದು ಯೋಚಿಸಿ. ಕಣ್ಣು ಹೋಗಲು ಅದರ ಒಂದು ಸಣ್ಣ ಪಾಲು ಸಾಕು. ಲೈಸನ್ಸ್ ಬೇಡದ ಏರ್‌ಗನ್‌ನಿಂದ ಪಾರಿವಾಳವನ್ನೋ ಬೆಳವನ ಹಕ್ಕಿಯನ್ನೋ ಹೊಡೆದರೂ ಅದು ವನ್ಯಜೀವಿ ಕಾಯ್ದೆಯಡಿ ಬೇಟೆಯಾಗಬಹುದು, ಆಯುಧ ಯಾವುದು ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ಅರುಣಾಚಲ ಪ್ರದೇಶದಲ್ಲಿ 2021ರ ಮಾರ್ಚ್‌ನಲ್ಲಿ ಏರ್‌ಗನ್ ಒಪ್ಪಿಸುವ ಅಭಿಯಾನ ಆರಂಭವಾಯಿತು. ಊರೂರಿನ ಜನ ಸ್ವಂತ ಇಚ್ಛೆಯಿಂದ ತಂದೊಪ್ಪಿಸಿದ ಏರ್‌ಗನ್‌ಗಳ ಸಂಖ್ಯೆ ಎರಡು ಸಾವಿರ ದಾಟಿತು. 'ಆಟಿಕೆ'ಗಳಿಂದ ಕಾಡಿನ ಹಕ್ಕಿಗಳೇ ಕಾಣೆಯಾಗುತ್ತಿವೆ ಎಂಬುದು ಅಲ್ಲಿನ ಆತಂಕವಾಗಿತ್ತು.

ಹಾಗಾದರೆ ಹುಡುಗನನ್ನು ಎಲ್ಲಿಗೆ ಕಳಿಸುವುದು?

ಕಾನೂನಿನ ಪ್ರಕಾರ 21 ತುಂಬುವವರೆಗೆ ಬಂದೂಕು ಹೊಂದುವಂತಿಲ್ಲ. ಆದರೆ ತರಬೇತಿ ಮತ್ತು ಗುರಿ ಅಭ್ಯಾಸಕ್ಕೆ, ದೊಡ್ಡವರ ನೇರ ಉಸ್ತುವಾರಿಯಲ್ಲಿ, 12 ದಾಟಿದವರಿಗೂ ಅವಕಾಶವಿದೆ. ಈ ಬಾಗಿಲಿನಿಂದಲೇ ನಮ್ಮ ಹಲವು ಶೂಟಿಂಗ್ ಕ್ರೀಡಾಪಟುಗಳು ಬಂದಿದ್ದಾರೆ. ಹುಬ್ಬಳ್ಳಿಯವರೇ ಆದ ಶ್ರೀಹರ್ಷ ದೇವರಡ್ಡಿ 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಏರ್ ರೈಫಲ್ ಸ್ಪರ್ಧೆಯಲ್ಲಿ ಭಾರತವನ್ನು ಪ್ರತಿನಿಧಿಸಿದರು. ಅಂದರೆ ಇದು ಬೆಂಗಳೂರಿನವರಿಗೆ ಮಾತ್ರ ಎಂಬ ಮಾತು ನಮ್ಮೂರಿಗೆ ಅನ್ವಯಿಸುವುದಿಲ್ಲ.

ಹತ್ತು ಮೀಟರ್ ಏರ್ ರೈಫಲ್‌ನಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್. ಅದಕ್ಕೆ ಹೊಡೆಯಲು ಕಲಿಯುವ ಹುಡುಗ ಉಸಿರು ಹಿಡಿತಕ್ಕೆ ತಂದುಕೊಳ್ಳುವುದನ್ನು ಕಲಿಯುತ್ತಾನೆ. ಅದಕ್ಕೂ ಮೊದಲು ಕಲಿಯುವುದು ರೇಂಜಿನ ಶಿಸ್ತು: ಹೇಳುವವರೆಗೆ ರೈಫಲ್ ಮುಟ್ಟಬಾರದು, ಯಾರಾದರೂ ಗುರಿಹಲಗೆಯ ಕಡೆ ಹೋಗುತ್ತಿದ್ದರೆ ಎಲ್ಲರ ರೈಫಲ್ ಕೆಳಗಿರಬೇಕು, ನಳಿಗೆ ಖಾಲಿ ಇದೆ ಎಂದು ಕಾಣಲು ಬಣ್ಣದ ದಾರ ಹಾಯಿಸಿರಬೇಕು. ಎನ್‌ಸಿಸಿ ಇರುವ ಶಾಲೆಯಾದರೆ ಖರ್ಚೂ ಇಲ್ಲ, ಪಾಯಿಂಟ್ 22 ರೈಫಲ್‌ನ ಅಭ್ಯಾಸ ಅಲ್ಲಿನ ತರಬೇತಿಯ ಭಾಗ.

ದೊಡ್ಡವರಿಗೂ ಪಾಠ ಇದೆ, ಅದು ಅಷ್ಟು ಪ್ರಚಾರ ಪಡೆದಿಲ್ಲ. 2016ರ ನಿಯಮಗಳು ಲೈಸನ್ಸ್ ಅರ್ಜಿದಾರರು ಶಸ್ತ್ರಾಸ್ತ್ರ ಸುರಕ್ಷತಾ ತರಬೇತಿ ಮುಗಿಸಿದ ಪ್ರಮಾಣಪತ್ರ ಕೊಡಬೇಕು ಎನ್ನುತ್ತವೆ. ಬಂದೂಕು ಹಿಡಿಯುವುದು, ಒಯ್ಯುವುದು, ಹಾರಿಸುವುದು, ಒರೆಸಿ ಇಡುವುದು, ಬೀಗ ಹಾಕಿ ಕಾಯುವುದು, ಲೈಸನ್ಸ್‌ದಾರರ ಹೊಣೆ, ಇಷ್ಟೂ ಅದರ ಪಠ್ಯ. ಬೇಟೆಯ ಒಂದು ಸಾಲೂ ಇಲ್ಲ. ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ಪೊಲೀಸ್ ಇಲಾಖೆ 'ನಾಗರಿಕ ಬಂದೂಕು ತರಬೇತಿ' ಶಿಬಿರಗಳನ್ನು ನಡೆಸುತ್ತದೆ. ಹುಬ್ಬಳ್ಳಿ-ಧಾರವಾಡ ನಗರದವರು ಪೊಲೀಸ್ ಕಮಿಷನರ್ ಕಚೇರಿಯಲ್ಲಿ, ಕಲಘಟಗಿ, ಕುಂದಗೋಳ, ನವಲಗುಂದದಂಥ ತಾಲ್ಲೂಕಿನವರು ಜಿಲ್ಲಾಧಿಕಾರಿ ಮತ್ತು ಜಿಲ್ಲಾ ಪೊಲೀಸ್ ಕಚೇರಿಯಲ್ಲಿ ವಿಚಾರಿಸಬಹುದು. ಲೈಸನ್ಸ್ ಕೊಡುವ ಅಧಿಕಾರವೂ ಹಾಗೆಯೇ ಹಂಚಿಕೆಯಾಗಿದೆ.

ಇನ್ನು ಹುಡುಗನಿಗೆ ಬೇಕಾಗಿರುವುದು ಬಂದೂಕೋ ಕಾಡೋ ಎಂದೂ ಒಮ್ಮೆ ಕೇಳಿನೋಡಿ. ಬಹಳ ಸಲ ಕಾಡೇ ಆಗಿರುತ್ತದೆ. ಅರಣ್ಯ ಇಲಾಖೆಯ 'ಚಿಣ್ಣರ ವನ ದರ್ಶನ' ಶಾಲಾ ಮಕ್ಕಳನ್ನು ಕಾಡಿಗೆ ಕರೆದೊಯ್ಯುವ ಕಾರ್ಯಕ್ರಮ, ನಿಮ್ಮ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಕೇಳಬಹುದು. ಮುಂಡಗೋಡ ಬಳಿಯ ಅತ್ತಿವೇರಿ ಪಕ್ಷಿಧಾಮಕ್ಕೆ ಹುಬ್ಬಳ್ಳಿಯಿಂದ ಬೆಳಿಗ್ಗೆ ಹೋಗಿ ಮಧ್ಯಾಹ್ನ ಬರಬಹುದು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ, 2024ರಲ್ಲಿ ಅದು ರಾಮ್ಸಾರ್ ತಾಣವಾಯಿತು. ಹೆಜ್ಜೆ ಗುರುತು ಓದುವುದು, ಗಾಳಿಯ ದಿಕ್ಕು ನೋಡಿ ನಡೆಯುವುದು, ಅಲುಗಾಡದೆ ಕೂರುವುದು, ಹಳೆಯ ಬೇಟೆಗಾರರ ಈ ವಿದ್ಯೆಗಳಲ್ಲಿ ಒಂದೂ ಕಾನೂನಿಗೆ ವಿರುದ್ಧವಲ್ಲ, ಕೈಯಲ್ಲಿ ದುರ್ಬೀನು ಇದ್ದರೆ.

ಇಂಥ ಪೋಸ್ಟರ್ ನಿಮ್ಮ ಗುಂಪಿಗೂ ಬಂದರೆ, ಕಳಿಸಿದವರನ್ನು ಮೂರು ಮಾತು ಕೇಳಿ. ನಡೆಸುವವರು ಯಾರು, ವಿಳಾಸ ಎಲ್ಲಿ? ಸರ್ಟಿಫಿಕೇಟ್‌ಗೆ ಸಹಿ ಹಾಕುವ ಅಧಿಕಾರಿ ಯಾರು? ಹೊಡೆಯುವುದು ಕಾಗದದ ಗುರಿಗೋ, ಜೀವಕ್ಕೋ? ಮೂರನೆಯದಕ್ಕೆ ಜೀವ ಎಂಬ ಉತ್ತರ ಬಂದರೆ ಮುಂದೆ ಕಳಿಸಬೇಡಿ, 1926ಕ್ಕೆ ತಿಳಿಸಿ.

ಕಾಕಾ ಎರಡು ದಿನ ಬಿಟ್ಟು ಮತ್ತೆ ಫೋನ್ ಮಾಡಿದರು. ಕೋವಿಯಲ್ಲಿ ಮದ್ದು ಇತ್ತಂತೆ. ಯಾವಾಗ ತುಂಬಿದ್ದು ಎಂಬುದು ಅಜ್ಜನಿಗೂ ಸರಿಯಾಗಿ ನೆನಪಿಲ್ಲ, ಹೋದ ವರ್ಷದ ಸುಗ್ಗಿ ಇರಬೇಕು ಅಂದರಂತೆ. ಊರಿನ ಇನ್ನೊಬ್ಬ ಲೈಸನ್ಸ್‌ದಾರರನ್ನು ಕರೆಸಿ, ಹೊಲದ ಒಡ್ಡಿನ ಮಣ್ಣಿಗೆ ಮುಖ ಮಾಡಿ ಖಾಲಿ ಮಾಡಿಸಿದ್ದಾರೆ. ಈಗ ಕೋವಿ ಟ್ರೆಜರಿಯಲ್ಲಿ, ಕೇಪು ಮತ್ತು ಮದ್ದು ಬೇರೆ ಪೆಟ್ಟಿಗೆಯಲ್ಲಿ, ಎರಡರ ಕೀಲಿಯೂ ಕಾಕೂ ಕೈಯಲ್ಲಿ. ಹುಡುಗ ಶಾಲೆಯ ಎನ್‌ಸಿಸಿಗೆ ಹೆಸರು ಕೊಟ್ಟಿದ್ದಾನೆ. ಆಯ್ಕೆಯ ದಿನ ಓಟ ಇರುತ್ತದೆ ಎಂದು ದಿನಾ ಬೆಳಿಗ್ಗೆ ಕೆರೆ ಏರಿ ಮೇಲೆ ಓಡುತ್ತಿದ್ದಾನೆ.